ದಿನಕ್ಕೊಂದು ಸುಳ್ಳು ಹೇಳುವ ಟೀಚರ್

ಯಾರನ್ನೂ ನಂಬದಿರುವುದೇ ನನಗೆ ಅನ್ನ ಕೊಟ್ಟ ವಿದ್ಯೆ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತನಾದವನು ನಾನು. ನಾನು ಬಸ್ಸು ಹತ್ತಿದರೆ ಟಿಕೆಟ್ ತೆಗೆದುಕೊಂಡವರೂ ಗಾಬರಿಯಿಂದ ಜೇಬು ತಡಕುತ್ತಿದ್ದರು. ಕಿಟಕಿಯಾಚೆ ನೋಡುತ್ತ ಹಾಡು ಗುನುಗುವವನ ಹತ್ತಿರ ಟಿಕೆಟ್ ಇರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ, ಅದು ತಪ್ಪಿದ್ದು ಕಡಿಮೆ. ನಿವೃತ್ತಿಯ ದಿನ ಯೂನಿಫಾರ್ಮು ಕಳಚಿಟ್ಟೆ. ಅನುಮಾನವನ್ನು ಕಳಚಿಡಲು ಆಗಲಿಲ್ಲ. ಹಾಲಿನವನು, ಪೇಪರಿನವನು, ನಲ್ಲಿ ರಿಪೇರಿಯವನು, ಎಲ್ಲರೂ ನನ್ನ ಕಣ್ಣಿನ ಕೆಳಗೇ ಹಾದುಹೋಗಬೇಕು. "ಮಾವ, ನೀವು ಕನ್ನಡೀಲಿ ಮುಖ ನೋಡ್ಕೊಂಡ್ರೂ ಇವನ್ಯಾರು ಅಂತ ಕೇಳ್ತೀರ," ಎನ್ನುತ್ತಾಳೆ ಸೊಸೆ.

ಹಾಗಿರುವಾಗ ನಮ್ಮ ಬೀದಿಯ ಕೊನೆಯ ಶಾಲೆಗೆ ಹೊಸದಾಗಿ ಬಂದ ಟೀಚರ್ ಮೇಲೆ ನನಗೆ ಅನುಮಾನ ಬಂದದ್ದರಲ್ಲಿ ದೊಡ್ಡ ಮಾತೇನಿಲ್ಲ. ಆದರೆ ಈ ಸಲ ಅನುಮಾನವನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ಅದು ತಾನಾಗಿಯೇ ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂತು.

ನನ್ನ ಮೊಮ್ಮಗಳು ಮೂರನೇ ತರಗತಿ. ಮನೆಯಲ್ಲಿ ಅವಳನ್ನು ಮೊಂಡಿ ಎಂದೇ ಕರೆಯುವುದು. ಕೂತ್ಕೋ ಅಂದರೆ ನಿಲ್ಲುವುದು, ನಿಲ್ಲು ಅಂದರೆ ಮಲಗುವುದು ಹುಟ್ಟಿದಾಗಿನಿಂದ ಬಂದ ಬುದ್ಧಿ. ಮಾತಿನಲ್ಲಿ ಚುರುಕು, ಪ್ರಶ್ನೆ ಕೇಳುವುದರಲ್ಲಿ ನನ್ನನ್ನೂ ಮೀರಿಸುವವಳು. ಆದರೆ ಓದು ಮಾತ್ರ ಬರಲೊಲ್ಲದು. ಅಕ್ಷರಗಳನ್ನು ಒಂದೊಂದಾಗಿ ಗುರುತಿಸುತ್ತಾಳೆ. ಅವೆಲ್ಲ ಸಾಲಾಗಿ ಬಂದು ನಿಂತರೆ ತುಟಿ ಬಿಗಿದುಕೊಂಡು ಕೂತುಬಿಡುತ್ತಾಳೆ. ವರ್ಷದ ಕೊನೆಯಲ್ಲಿ ಹೊರಗಿನಿಂದ ಪರೀಕ್ಷಕರು ಬಂದು ಪ್ರತಿ ಮಗುವನ್ನೂ ಓದಿಸಿ ನೋಡುತ್ತಾರೆ, ಓದದವರನ್ನು ಒಂದು ತರಗತಿ ಹಿಂದಕ್ಕೆ ಕೂರಿಸುತ್ತೇವೆ ಎಂದು ಹೆಡ್‌ಮೇಷ್ಟ್ರು ಹೇಳಿಬಿಟ್ಟಿದ್ದರು. ಹಿಂದಿನ ತರಗತಿ ಎಂದರೆ ಅವಳ ತಮ್ಮ ಮುಂದಿನ ವರ್ಷ ಕೂರುವ ತರಗತಿ. ಆ ಪುಟ್ಟ ಪೋರ ಆಗಲೇ ಜಾಗ ಹಂಚಿಬಿಟ್ಟಿದ್ದ. ತಾನು ಮುಂದಿನ ಬೆಂಚು, ಅಕ್ಕ ತನ್ನ ಹಿಂದೆ. ಅವನು ಹಾಗೆಂದ ದಿನ ಮೊಂಡಿ ತಟ್ಟೆ ಮುಂದಿನಿಂದ ಎದ್ದು ಹೋದಳು.

ಅಂಥ ಮಗು ಒಂದು ಸಂಜೆ ಚೀಲ ಎಸೆದು ಹೇಳಿತು.

"ಅಜ್ಜ, ಇವತ್ತು ಟೀಚರ್ ಹೇಳಿದ ಸುಳ್ಳು ಯಾರಿಗೂ ಸಿಗಲೇ ಇಲ್ಲ."

"ಏನಂದೆ?"

"ದಿನಾ ಒಂದು ಸುಳ್ಳು ಹೇಳ್ತಾರೆ. ನಾವು ಹಿಡೀಬೇಕು. ಹಿಡಿಯೋಕೆ ಆಗ್ದಿದ್ರೆ ನಾಳೆಗೂ ಅದೇ ಸುಳ್ಳು."

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಓದು ಕಲಿಸು ಎಂದು ಕಳಿಸಿದರೆ ಸುಳ್ಳು ಕಲಿಸುತ್ತಾಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಮಾರನೆಯ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಶಾಲೆಗೆ ಹೊರಟೆ. ಮುಂಬಾಗಿಲಿನಿಂದ ಹೋಗಲಿಲ್ಲ. ತಪಾಸಣೆಗೆ ಹೋಗುವವನು ಮುಂಚೆ ಹೇಳಿ ಹೋಗುವುದಿಲ್ಲ. ಹಿಂದಿನ ಗೋಡೆಯ ಪಕ್ಕ, ತರಗತಿಯ ಕಿಟಕಿಯ ಕೆಳಗೆ ನಿಂತೆ.

ಟೀಚರ್ ಸಣ್ಣಗೆ, ಉದ್ದಕ್ಕೆ ಇದ್ದಳು. ನಡುವಯಸ್ಸು ದಾಟುತ್ತಿದ್ದವಳು. ಕನ್ನಡಕ ಮೂಗಿನ ತುದಿಯಲ್ಲಿ, ದನಿ ಎಷ್ಟು ಮೆಲ್ಲಗೆಂದರೆ ಮಕ್ಕಳೆಲ್ಲ ಬೆಂಚಿನಿಂದ ಮುಂದಕ್ಕೆ ಬಾಗಿದ್ದರು. ಕಪ್ಪು ಹಲಗೆಯ ಮೇಲೆ "ಇವತ್ತು ಹೆಡ್‌ಮೇಷ್ಟ್ರು ನೀಲಿ ಅಂಗಿ ಹಾಕಿದ್ದಾರೆ" ಎಂದು ಬರೆದಿತ್ತು. ಒಂದು ಮಗು ಎದ್ದು, ಹಲಗೆಯನ್ನು ತುಟಿ ಅಲುಗಿಸುತ್ತ ಓದಿ, ಹೊರಗೋಡಿ, ಆಫೀಸಿನ ಬಾಗಿಲಲ್ಲಿ ಇಣುಕಿ, ಓಡಿ ಬಂದು ಕೂತಿತು. ಅದರ ಹಿಂದೆಯೇ ಇನ್ನೊಂದು. ಹೆಡ್‌ಮೇಷ್ಟ್ರ ಅಂಗಿ ಬಿಳಿ, ಅದನ್ನು ನಾನೂ ನೋಡಿದ್ದೆ. ಸಣ್ಣ ಸುಳ್ಳು ಮುಗಿದ ಮೇಲೆ, ಹಿಂದಿನ ದಿನ ಯಾರಿಗೂ ಸಿಗದೆ ಉಳಿದಿದ್ದ ದೊಡ್ಡದು ಶುರುವಾಯಿತು. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡರು. ಟೀಚರ್ ಪಾಠ ಓದುತ್ತ ಹೋದಳು, ನಡುವೆ ಎಲ್ಲೋ ಪುಸ್ತಕದಲ್ಲಿಲ್ಲದ ಒಂದು ಮಾತು ಸೇರಿಸಿದಳು. ಒಬ್ಬೊಬ್ಬರೇ ಮಕ್ಕಳು ಆ ಸಾಲಿನ ಮೇಲೆ ಬೆರಳಿಟ್ಟು, ಬಾಯಿ ಮುಚ್ಚಿಕೊಂಡು, ಟೀಚರ್ ಮುಖವನ್ನೇ ನೋಡುತ್ತ ಕೂತರು. ಯಾರೂ ಕೂಗಲಿಲ್ಲ.

"ಸಿಕ್ಕಿದವರು ಸುಮ್ನಿರಿ," ಎಂದಳು ಟೀಚರ್. "ಸಿಗದವರು ಇನ್ನೂ ಹುಡುಕ್ತಿದಾರೆ. ಅವರ ಹುಡುಕಾಟನ ಕದೀಬಾರದು."

ಮೊಂಡಿಯ ಬೆರಳು ಸಾಲುಗಳ ಮೇಲೆ ಇರುವೆಯ ಹಾಗೆ ಓಡಾಡುತ್ತಿತ್ತು. ಕೊನೆಗೆ ಒಂದು ಕಡೆ ನಿಂತಿತು. ಅವಳಿಗೆ ಸಿಕ್ಕಿತೋ, ಪಕ್ಕದವಳನ್ನು ನೋಡಿ ಇಟ್ಟಳೋ ಎಂದು ನನಗೆ ಗೊತ್ತಾಗಲಿಲ್ಲ. ಬಾಯಿ ಬಿಟ್ಟು ಓದಿದರಲ್ಲವೇ ಗೊತ್ತಾಗುವುದು. ತರಗತಿ ಪೂರ್ತಿ ಮೂಗಬಸವಣ್ಣನ ಹಾಗೆ ಕೂತಿದ್ದರೆ ಯಾರಿಗೆ ಓದು ಬಂತು, ಯಾರಿಗೆ ಬರಲಿಲ್ಲ? ಟಿಕೆಟ್ ತೋರಿಸದೆ "ಇದೆ" ಎನ್ನುವವನ ಹಾಗೆ ಇದು.

ಗಂಟೆ ಹೊಡೆದ ಮೇಲೆ ಬಾಗಿಲಲ್ಲಿ ಅಡ್ಡ ನಿಂತೆ.

"ನೋಡಿಮ್ಮ, ನನ್ನ ಮೊಮ್ಮಗಳು ನಿಮ್ಮ ತರಗತೀಲೇ ಇರೋದು. ಮಕ್ಕಳಿಗೆ ಸುಳ್ಳು ಹೇಳೋದು ಯಾವ ಪಾಠ ಇದು?"

"ಕಿಟಕಿ ಕೆಳಗೆ ನಿಂತಿದ್ದವರು ನೀವೇನಾ ಸರ್? ಒಳಗೆ ಬಂದು ಕೂರಬಹುದಿತ್ತು."

ನನ್ನ ಕಿವಿ ಬಿಸಿಯಾಯಿತು. ಆದರೂ ಬಿಡಲಿಲ್ಲ. ಆಗ ಆಕೆ ಹಲಗೆ ಒರೆಸುತ್ತ ತನ್ನ ಕಥೆ ಹೇಳಿದಳು. ಚಿಕ್ಕವಳಿದ್ದಾಗ ಶಾಲೆಯಲ್ಲಿ ಓದುವ ಸ್ಪರ್ಧೆ ನಡೆದಿತ್ತಂತೆ. ಪಾಠ ಬಾಯಿಪಾಠವಾಗಿತ್ತು, ಒಂದಕ್ಷರ ಗೊತ್ತಿರಲಿಲ್ಲ. ಪುಸ್ತಕ ತಲೆಕೆಳಗಾಗಿ ಹಿಡಿದುಕೊಂಡೇ ಗಡಗಡನೆ ಒಪ್ಪಿಸಿದಳು, ಮೊದಲ ಬಹುಮಾನ ಬಂತು. ಮುಂದೆ ಕೂತಿದ್ದ ದೊಡ್ಡವರಲ್ಲಿ ಒಬ್ಬರೂ ಪುಸ್ತಕದ ಕಡೆ ನೋಡಲಿಲ್ಲ.

"ಆವತ್ತಿಂದ ನನಗೆ ಗಟ್ಟಿಯಾಗಿ ಓದೋರ ಮೇಲೆ ನಂಬಿಕೆ ಇಲ್ಲ ಸರ್. ಓದೋದು ಬಾಯಲ್ಲಲ್ಲ."

ಆಮೇಲೆ ಬಹಳ ವರ್ಷ ಒಂದು ಅಚ್ಚುಮನೆಯಲ್ಲಿ ಕರಡು ತಿದ್ದುವ ಕೆಲಸ ಮಾಡಿದಳಂತೆ. ಮದುವೆ ಕಾಗದ, ಕ್ಯಾಲೆಂಡರು, ಬಸ್ಸಿನ ವೇಳಾಪಟ್ಟಿ, ಎಲ್ಲದರಲ್ಲೂ ತಪ್ಪು ಹುಡುಕುವುದೇ ಕಸುಬು. ಅಚ್ಚುಮನೆ ಮುಚ್ಚಿತು, ಪರೀಕ್ಷೆ ಕಟ್ಟಿ ಟೀಚರ್ ಆದಳು. ಇಲ್ಲಿನ್ನೂ ಕೆಲಸ ಕಾಯಂ ಆಗಿಲ್ಲ. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅಕ್ಕನ ಜೊತೆ ಇದ್ದಾಳೆ. ಕೇಳಲು ಚೆನ್ನಾಗಿಯೇ ಇತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಬಂದೆ.

ಒಂದು ಸಂಜೆ ಆಕೆಯ ಹಿಂದೆಯೇ ಹೋದೆ. ತಪ್ಪೇನಿದೆ, ನನ್ನ ಮೊಮ್ಮಗಳ ಭವಿಷ್ಯದ ಪ್ರಶ್ನೆ. ಟೀಚರ್ ಬೀಗ ರಿಪೇರಿ ಅಂಗಡಿಯ ಮುಂದೆ ನಿಂತು ಬೋರ್ಡನ್ನೇ ದಿಟ್ಟಿಸಿದಳು, ಒಳಗೆ ಹೋದಳು, ನಗುತ್ತ ಹೊರಬಂದಳು. ಆಕೆ ಮರೆಯಾದದ್ದೇ ನಾನು ಒಳಹೊಕ್ಕೆ.

"ಏನು ಕೇಳಿದ್ರು ಆಯಮ್ಮ?"

"ಬೋರ್ಡಲ್ಲಿ ಎಲ್ಲಾ ಬಗೆಯ ಬೀಗ ಅಂತ ಇದೆಯಲ್ಲ, ಕಾರಿಂದೂ ಮಾಡ್ತೀರಾ ಅಂದ್ರು. ಇಲ್ಲಮ್ಮ ಅಂದೆ. ಸರಿ, ಹಾಗಾದ್ರೆ ಸುಳ್ಳು ಸಿಕ್ತು ಅಂತ ಖುಷಿಯಾಗಿ ಹೋದ್ರು. ಸ್ವಲ್ಪ ಸರಿ ಇಲ್ವಾ ಸ್ವಾಮಿ ಅವರು?"

ಮಾರನೆಯ ದಿನ ಇಡೀ ತರಗತಿಯನ್ನೇ ಬೀದಿಗಿಳಿಸಿದಳು. ಮಕ್ಕಳು ಬೋರ್ಡು ಬೋರ್ಡಿನ ಮುಂದೆ ನಿಂತು, ಅದರಲ್ಲಿ ಬರೆದದ್ದು ನಿಜವೋ ಸುಳ್ಳೋ ಎಂದು ಒಳಗೆ ಹೋಗಿ ವಿಚಾರಿಸಿ ಬಂದವು. "ಸದಾ ತೆರೆದಿರುತ್ತದೆ" ಎಂದಿದ್ದ ಅಂಗಡಿಗೆ ಬೀಗ ಬಿದ್ದಿತ್ತು, ಅಲ್ಲಿ ದೊಡ್ಡ ಸಭೆಯೇ ನಡೆಯಿತು. ಅಂಗಡಿಯವರು ಹೆಡ್‌ಮೇಷ್ಟ್ರ ಹತ್ತಿರ ದೂರು ಒಯ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ ಅವರು. ಟೀಚರನ್ನು ಕರೆದು, "ಇದನ್ನೆಲ್ಲ ಬಿಟ್ಟು ಗಟ್ಟಿಯಾಗಿ ಓದಿಸಿ. ಪರೀಕ್ಷೆಯಲ್ಲಿ ಒಂದು ಮಗು ಹಿಂದೆ ಬಿದ್ರೂ ನಿಮ್ಮನ್ನ ಮುಂದುವರಿಸೋಕೆ ನನ್ನ ಕೈಲಾಗಲ್ಲ," ಎಂದರಂತೆ. ಟೀಚರ್ ಹೂಂ ಎಂದಳು. ಸುಳ್ಳನ್ನು ಬಿಟ್ಟಂತೆ ಕಾಣಲಿಲ್ಲ.

ಇತ್ತ ಮನೆಯಲ್ಲಿ ಮೊಂಡಿಯ ಕಾಟ ಶುರುವಾಯಿತು. ಅಡುಗೆಮನೆಯ ಡಬ್ಬಿಗಳ ಮುಂದೆ ನಿಂತು, "ಅಮ್ಮ, ಇದರ ಮೇಲೆ ಬಿಸ್ಕತ್ತು ಅಂತ ಇದೆ, ಒಳಗೆ ಬೇಳೆ ಇದೆ. ಸುಳ್ಳು," ಎನ್ನುವಳು. ಔಷಧದ ಬಾಟಲಿ ತಿರುಗಿಸಿ, "ಅಜ್ಜ, ಊಟ ಆದ್ಮೇಲೆ ಅಂತ ಇದೆ, ನೀವು ಮುಂಚೆ ಕುಡಿದ್ರಿ," ಎನ್ನುವಳು. ಓಹೋ ಬಂತು ಓದು ಎಂದು ನಾನು ಪುಸ್ತಕ ಮುಂದಿಟ್ಟು "ಓದು ನೋಡೋಣ" ಎಂದರೆ ಎರಡು ಸಾಲು ಓದಿ ಗಪ್‌ಚಿಪ್. ಕಣ್ಣು ಪುಸ್ತಕದ ಮೇಲೆ ಓಡುತ್ತಿರುತ್ತದೆ, ಬಾಯಿಂದ ಮಾತಿಲ್ಲ. ಬಿಸ್ಕತ್ತಿನ ಡಬ್ಬಿಗೆ ಚಿತ್ರ ಇದೆ, ಅದನ್ನು ನೋಡಿ ಹೇಳಿರಬೇಕು. ಔಷಧದ ವಿಷಯ ಅವರಮ್ಮ ಹೇಳಿಕೊಟ್ಟಿರಬೇಕು. ಹೀಗೆ ಪ್ರತಿಯೊಂದಕ್ಕೂ ನಾನೊಂದು ಕಾರಣ ಹುಡುಕಿದೆ.

ಪರೀಕ್ಷೆಯ ದಿನ ಬಂತು. ಪರೀಕ್ಷಕರು ಬೋಳುತಲೆಯ, ಸಮಾಧಾನದ ಮನುಷ್ಯ. ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕರೆದು, ಪಾಠದ ಹಾಳೆ ಕೊಟ್ಟು ಓದಿಸುತ್ತಿದ್ದರು. ನಾನು ಬಾಗಿಲಿನ ಪಕ್ಕದ ಗೋಡೆಗೆ ಕಿವಿ ಕೊಟ್ಟು ನಿಂತಿದ್ದೆ. ಮೊಂಡಿಯ ದನಿ ಕೇಳಿಸಿತು, ನಿಧಾನಕ್ಕೆ, ಸ್ಪಷ್ಟವಾಗಿ.

"ಒಂದು ಮನೆಯಲ್ಲಿ ಒಂದು ಬೆಕ್ಕು ಇತ್ತು. ಒಂದು ದಿನ ನಾಯಿ ಅದನ್ನು ಅಟ್ಟಿಸಿಕೊಂಡು ಬಂತು. ಬೆಕ್ಕು ಓಡಿಹೋಗಿ ಮರ ಹತ್ತಿತು. ನಾಯಿ ಹೋದ ಮೇಲೆ ಬೆಕ್ಕು ತಲೆ ಕೆಳಗೆ ಮಾಡಿಕೊಂಡು..."

ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ದನಿ ನಿಂತಿತು.

"ಹೂಂ, ಮುಂದೆ ಓದಮ್ಮ," ಎಂದರು ಪರೀಕ್ಷಕರು. ಸದ್ದಿಲ್ಲ. "ಹೆದರಬೇಡ, ಇಲ್ಲಿಂದ ಓದು." ಸದ್ದಿಲ್ಲ. ಬಾಗಿಲ ಸಂದಿಯಲ್ಲಿ ಇಣುಕಿದೆ. ಮೊಂಡಿ ಹಾಳೆಯ ಮೇಲೆ ಬೆರಳಿಟ್ಟು ಪರೀಕ್ಷಕರ ಮುಖವನ್ನೇ ನೋಡುತ್ತಿದ್ದಳು. ಅವರು ಬಹಳ ಹೊತ್ತು ಕಾದರು. ಕಡೆಗೆ ಹಾಳೆ ತೆಗೆದುಕೊಂಡು, "ಸರಿ, ಹೋಗಮ್ಮ," ಎಂದರು.

ಮಧ್ಯಾಹ್ನದ ಹೊತ್ತಿಗೆ ಹೆಡ್‌ಮೇಷ್ಟ್ರು ಹೇಳಿಕಳಿಸಿದರು: ಓದು ಸಾಲದು, ಹಿಂದಿನ ತರಗತಿ. ಮೊಂಡಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಯಾಕೆ ನಿಲ್ಲಿಸಿದೆ ಎಂದು ಗದರಿದರೆ "ನಿಲ್ಲಿಸಬೇಕಿತ್ತು" ಎಂಬ ಒಂದೇ ಮಾತು. ತಮ್ಮ ಅವಳ ಪಕ್ಕ ಬಂದು, ಬೇಕಾದರೆ ಮುಂದಿನ ಬೆಂಚು ನೀನೇ ತಗೋ ಎಂದ. ಅದು ಅವಳನ್ನು ಇನ್ನಷ್ಟು ಅಳಿಸಿತು. ನನಗೆ ರಕ್ತ ಕುದಿಯಿತು. ದರ್ಜಿ ಅಂಗಡಿಯ ಮಹಡಿ ಮೆಟ್ಟಿಲನ್ನು ಧಡಧಡನೆ ಹತ್ತಿದೆ.

"ಏನಮ್ಮ ಕಲಿಸಿದೆ ನನ್ನ ಮೊಮ್ಮಗಳಿಗೆ? ನಾಲ್ಕು ಸಾಲು ಓದೋಕಾಗದೆ ಬಾಯಿ ಮುಚ್ಕೊಂಡು ಕೂತಳು. ನಿನ್ನ ಸುಳ್ಳಿನ ಆಟಕ್ಕೆ ಒಂದು ವರ್ಷ ಹಾಳಾಯ್ತು."

ಟೀಚರ್ ನಿಂತೇ ಇದ್ದಳು. "ಎಲ್ಲಿ ನಿಲ್ಲಿಸಿದ್ಲು ಸರ್? ಯಾವ ಮಾತಿಗೆ?"

ಹೇಳಿದೆ. ಬೆಕ್ಕು ತಲೆ ಕೆಳಗೆ ಮಾಡಿಕೊಂಡು, ಅಲ್ಲಿಗೆ. ಟೀಚರ್ ಮೆಲ್ಲಗೆ ಕುರ್ಚಿಯ ಮೇಲೆ ಕೂತಳು. ಮುಖ ಬಿಳುಚಿಹೋಯಿತು.

"ಬೆರಳಿಟ್ಟಿದ್ಲಾ?"

"ಇಟ್ಟಿದ್ದಳು. ಅದಕ್ಕೇನೀಗ?"

"ಬೆಕ್ಕು ಮರದಿಂದ ತಲೆ ಕೆಳಗೆ ಮಾಡಿ ಇಳಿಯಲ್ಲ ಸರ್. ಹಿಂದುಹಿಂದಕ್ಕೆ ಇಳಿಯತ್ತೆ, ಬಾಲ ಮೊದಲು. ಅವಳಿಗೆ ಸುಳ್ಳು ಸಿಕ್ತು. ಸಿಕ್ಕಿದ ಮೇಲೆ ಸುಮ್ಮನಿರಬೇಕು ಅಂತ ಹೇಳಿಕೊಟ್ಟವಳು ನಾನೇ. ಪರೀಕ್ಷೇಲಿ ಹಾಗೆ ಮಾಡಬಾರದು ಅಂತ ಹೇಳೋಕೆ ನನಗೆ ಹೊಳೀಲೇ ಇಲ್ಲ. ತಪ್ಪು ನನ್ನದು."

"ಇದು ಇವತ್ತಿನ ಸುಳ್ಳಾ?" ಎಂದೆ. ಒಳಗಿನಿಂದ ಅಕ್ಕ ಬಾಗಿಲಿಗೆ ಬಂದು ನನ್ನನ್ನು ಸುಡುವಂತೆ ನೋಡಿದಳು. ಕೆಳಗಿಳಿದು ಬಂದೆ.

ಮನೆಗೆ ಬಂದು ಮೊಂಡಿಯ ಪಕ್ಕ ಕೂತು ಈ ಸಲ ಮೆತ್ತಗೆ ಕೇಳಿದೆ.

"ಅಲ್ಲಮ್ಮ, ಅದು ತಪ್ಪು ಅಂತ ಅವರಿಗೆ ಹೇಳಬಹುದಿತ್ತಲ್ಲ?"

"ಹೇಗೆ ಹೇಳೋದು ಅಜ್ಜ? ಅವರಿಗೆ ಇನ್ನೂ ಸಿಕ್ಕಿರಲಿಲ್ಲ. ಸಿಗಲಿ ಅಂತ ನಾನು ಕಾಯ್ತಾ ಇದ್ದೆ."

ಅವಳ ತಲೆ ಸವರಿ ಎದ್ದೆ. ಆದರೂ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ನಾನಿನ್ನೂ ಪ್ರತ್ಯಕ್ಷವನ್ನೇ ಕಂಡಿರಲಿಲ್ಲ. ಹಿಂದಿನ ಮನೆಯವರ ಬೂದು ಬೆಕ್ಕು ಬೆಳಗಾದರೆ ನಮ್ಮ ಕಾಂಪೌಂಡಿನ ಮರ ಹತ್ತಿ ಕೂರುತ್ತದೆ. ಮಾರನೆಯ ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಮರದ ಕೆಳಗೆ ಕೂತೆ. ಬೆಕ್ಕು ಮೇಲಿನಿಂದ ನನ್ನನ್ನು ನೋಡಿತು, ನಾನು ಬೆಕ್ಕನ್ನು ನೋಡಿದೆ. ಅದಕ್ಕೂ ನನ್ನ ಮೇಲೆ ಅನುಮಾನ, ಇಳಿಯಲೊಲ್ಲದು. ಸೊಸೆ ಎರಡು ಸಲ ಬಂದು ಜ್ವರವೇನಾದರೂ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು. ಬಿಸಿಲೇರಿದ ಮೇಲೆ ಬೆಕ್ಕು ಎದ್ದು, ಮೈಮುರಿದು, ಕಾಂಡದ ಹತ್ತಿರ ಬಂದು, ತಿರುಗಿತು. ಬೆನ್ನು ನನಗೆ ಮಾಡಿ, ಉಗುರು ಊರಿ, ಬಾಲ ಮುಂದೆ ಬಿಟ್ಟು ಒಂದೊಂದೇ ಹೆಜ್ಜೆ ಹಿಂದುಹಿಂದಕ್ಕೆ ಇಳಿಯಿತು. ಇಷ್ಟು ವರ್ಷ ಆ ಮರ, ಆ ಬೆಕ್ಕು ನನ್ನ ಕಣ್ಣೆದುರೇ ಇದ್ದವು. ಒಮ್ಮೆಯೂ ನಾನು ಅದನ್ನು ನೋಡಿರಲಿಲ್ಲ.

ಕಾಫಿಯನ್ನೂ ಕುಡಿಯದೆ ಶಾಲೆಗೆ ಓಡಿದೆ. ನನಗಿಂತ ಮೊದಲೇ ಟೀಚರ್ ಹೆಡ್‌ಮೇಷ್ಟ್ರ ಮುಂದೆ ನಿಂತಿದ್ದಳು.

"ಬಿಡಿ ಅಂದಿದ್ದೆ, ನೀವು ಬಿಡಲಿಲ್ಲ," ಎನ್ನುತ್ತಿದ್ದರು ಅವರು. "ಆ ಆಟದಿಂದ ಮಗು ಫೇಲಾಯ್ತು ಅಂತ ನೀವೇ ಒಪ್ಕೊಂಡ ಮೇಲೆ ಮುಂದಿನ ವರ್ಷದ ಮಾತು ನಾನು ಆಡೋಕಾಗಲ್ಲ. ಮಗು ಹೆದರಿಕೊಂಡಿತ್ತು ಅಂದುಬಿಡಿ, ಎಲ್ಲರಿಗೂ ಒಳ್ಳೇದು."

"ಅವಳು ಹೆದರಿರಲಿಲ್ಲ ಸರ್. ಅವಳು ಓದಿದ್ದಳು. ಅದಕ್ಕೇ ನಿಲ್ಲಿಸಿದ್ದು."

ಹೊಟ್ಟೆಪಾಡಿನ ಪ್ರಶ್ನೆ ಎದುರಿಗಿಟ್ಟುಕೊಂಡು ಹಾಗೆ ಮಾತಾಡುವವರನ್ನು ನಾನು ನನ್ನ ಸರ್ವೀಸಿನಲ್ಲಿ ಹೆಚ್ಚು ಕಂಡಿಲ್ಲ. ನಾನೂ ನುಗ್ಗಿ, ಬೆಕ್ಕು ಇಳಿದದ್ದನ್ನು ಕೈಕಾಲು ಆಡಿಸಿ ತೋರಿಸಿದೆ. ಹೆಡ್‌ಮೇಷ್ಟ್ರು ತಲೆ ಹಿಡಿದುಕೊಂಡರು. ಕಡೆಗೆ ಪರೀಕ್ಷಕರ ಹತ್ತಿರ ಹೋಗಿ, ಸುಳ್ಳಿನ ಆಟದ ಸುದ್ದಿ ಎತ್ತದೆ, ಏನೋ ತಪ್ಪು ತಿಳಿವಳಿಕೆಯಾಗಿದೆ, ಇನ್ನೊಂದು ಸಲ ನೋಡಿ ಎಂದಷ್ಟೇ ಕೇಳಿಕೊಂಡರು. ಅವರ ಕೆಲಸ ಆ ದಿನವೂ ನಮ್ಮ ಶಾಲೆಯಲ್ಲೇ ಇತ್ತು, ಒಪ್ಪಿದರು.

ಮೊಂಡಿಯನ್ನು ಕರೆತಂದೆ. ಬಾಗಿಲ ಹೊರಗೆ ಟೀಚರ್ ಅವಳೆದುರು ಮೊಣಕಾಲೂರಿ ಕೂತಳು.

"ಇವತ್ತು ಎಲ್ಲೂ ನಿಲ್ಲಿಸಬೇಡ ಕಣೆ. ಕೊನೇ ತನಕ ಗಟ್ಟಿಯಾಗಿ ಓದಬೇಕು."

"ಸುಳ್ಳಿದ್ರೂನಾ?"

ಟೀಚರ್ ಅವಳ ಕಾಲರು ಸರಿಮಾಡಿದಳು. "ಇದ್ರೂ," ಎಂದಳು. ಅದನ್ನು ಹೇಳುವುದು ಆಕೆಗೆ ಎಷ್ಟು ಕಷ್ಟವಾಯಿತೆಂದು ನೋಡಿದೆ. ಆ ಮುಖದಲ್ಲಿ ಹುಡುಕಿದರೂ ಕಪಟ ಸಿಗಲಿಲ್ಲ.

ಈ ಸಲ ನಮ್ಮನ್ನೂ ಒಳಗೆ ಬಿಟ್ಟರು. ಹೊಸ ಹಾಳೆ, ಯಾವುದೋ ನದಿಯ ಮೇಲಿನ ಪಾಠ. ಮೊಂಡಿ ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಎಲ್ಲೂ ತಡವರಿಸದೆ ಓದಿದಳು. ಓದುವಾಗ ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ. ಪರೀಕ್ಷಕರು ನಕ್ಕು, "ಇಷ್ಟು ಚೆನ್ನಾಗಿ ಓದ್ತೀಯಲ್ಲೇ. ಪಾಸು, ಹೋಗು," ಎಂದರು. ನನಗೆ ಕಣ್ಣು ತುಂಬಿ ಎದುರಿನ ಗೋಡೆ ಕಾಣದಾಯಿತು.

ಮೊಂಡಿ ಹೋಗಲಿಲ್ಲ. ಮೇಜಿನ ಹತ್ತಿರವೇ ನಿಂತು ಅವರನ್ನು ಕರುಣೆಯಿಂದ ನೋಡಿದಳು.

"ನಿಮಗೆ ನಿನ್ನೇದು ಸಿಕ್ತಾ?"

"ಏನು ಸಿಕ್ತಾ ಮರಿ?"

"ಬೆಕ್ಕಿನ ಪಾಠದಲ್ಲಿತ್ತಲ್ಲ, ಸುಳ್ಳು. ನಾನು ಬೆರಳಿಟ್ಟು ತೋರಿಸ್ತಿದ್ದೆ."

ಪರೀಕ್ಷಕರು ಹೆಡ್‌ಮೇಷ್ಟ್ರನ್ನು ನೋಡಿದರು. ಹೆಡ್‌ಮೇಷ್ಟ್ರು ಕಿಟಕಿಯಾಚೆ ನೋಡಿದರು. ಪರೀಕ್ಷಕರು ನನ್ನನ್ನು ನೋಡಿದರು, ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಮೊಂಡಿ ಕಣ್ಣು ಕೆಕ್ಕರಿಸಿದಳು, ನುಂಗಿಕೊಂಡೆ. ಟೀಚರ್ ತಲೆ ತಗ್ಗಿಸಿ ನಿಂತಿದ್ದಳು. ಪರೀಕ್ಷಕರು ಕಟ್ಟಿನಿಂದ ನಿನ್ನೆಯ ಹಾಳೆ ಹುಡುಕಿ ತೆಗೆದು, ಕನ್ನಡಕ ಏರಿಸಿಕೊಂಡು ಒಂದು ಸಲ ಓದಿದರು. ಇನ್ನೊಂದು ಸಲ ಓದಿದರು.

"ಎಷ್ಟೋ ವರ್ಷದಿಂದ ಇದೇ ಹಾಳೆ ಓದಿಸ್ತಿದೀನಿ," ಎಂದರು ತಮಗೆ ತಾವೇ. ಆಮೇಲೆ, "ಸ್ವಲ್ಪ ಸುಳಿವು ಕೊಡೇ," ಎಂದರು.

"ಊಹೂಂ. ನಿಮ್ಮದು ನೀವೇ ಹುಡುಕಬೇಕು."

"ಸರ್, ಹೊರಗೆ ಇನ್ನೂ ಮಕ್ಕಳು ಕಾಯ್ತಿದಾರೆ," ಎಂದರು ಹೆಡ್‌ಮೇಷ್ಟ್ರು.

"ಕಾಯಲಿ," ಎಂದರು ಪರೀಕ್ಷಕರು. ಕುರ್ಚಿ ಎಳೆದುಕೊಂಡು, ಮೊದಲ ಸಾಲಿನ ಮೇಲೆ ಬೆರಳಿಟ್ಟು, ಮತ್ತೆ ಓದತೊಡಗಿದರು.